ಬಿಡುಗಡೆಯಾಗದ ಕೆಮ್ಮು

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕತ್ತಲೆಗೆ ಹೆದರುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ನಾನು ಹೆದರುವುದು ಮಟಮಟ ಮಧ್ಯಾಹ್ನಕ್ಕೆ. ಚಿಕ್ಕವನಿದ್ದಾಗ ನಮ್ಮವ್ವ, "ಹೊತ್ತು ನೆತ್ತಿ ಮ್ಯಾಲೆ ಇದ್ದಾಗ ಹುಣಸೀಗಿಡದ ಕೆಳಗ ಹೋಗಬ್ಯಾಡ, ಅವು ಅಡ್ಡ್ಯಾಡತಾವು" ಎಂದಿದ್ದಳು. ‘ಅವು’ ಅಂದರೆ ಯಾವು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನನ್ನ ತಲೆಯ ಮೇಲೆ ಎಣಿಸುವಷ್ಟು ಕೂದಲು ಉಳಿದಿವೆ, ಆದರೆ ಆ ಭಯದಲ್ಲಿ ಒಂದು ಕೂದಲಿನಷ್ಟೂ ಕಡಿಮೆಯಾಗಿಲ್ಲ. ಹುಣಸೇಮರದಿಂದ ದೂರ ಇದ್ದರೆ ಸಾಕು ಎಂದುಕೊಂಡಿದ್ದೆ. ಅದು ಕಂಪ್ಯೂಟರಿನೊಳಗೇ ಬಂದು ಕೂರುತ್ತದೆಂದು ಯಾರು ತಿಳಿದಿದ್ದರು!

ಹಾನಗಲ್ಲಿನಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಒಂದು ಮೈಕು, ಒಂದು ಕಂಪ್ಯೂಟರು, ಸದ್ದು ಹೊರಗೆ ಹೋಗದಂತೆ ಗೋಡೆಗೆ ಬಡಿದ ನಾಲ್ಕು ಕೌದಿ. ಭಜನಾ ಮೇಳದವರು, ಸೋಬಾನೆ ಹಾಡುವವರು, ತತ್ವಪದದವರು ನನ್ನ ಗಿರಾಕಿಗಳು. ಹಾಡು ಹೊರಬರುವ ಮೊದಲು ಅದನ್ನು ಇಂಟರ್ನೆಟ್ಟಿನಲ್ಲಿ ಒಂದು ಗುಪ್ತ ಜಾಗದಲ್ಲಿಟ್ಟು, ಬೇಕಾದವರಿಗೆ ಮಾತ್ರ ಲಿಂಕು ಕಳಿಸುತ್ತೇನೆ. ಅಲ್ಲಿ ಒಂದು ಚಾಡಿಕೋರ ವ್ಯವಸ್ಥೆಯಿದೆ. ಯಾರು ಕೇಳಿದರು, ಯಾವಾಗ ಕೇಳಿದರು, ಎಲ್ಲಿಂದ ಎಲ್ಲಿಯವರೆಗೆ ಕೇಳಿದರು ಎಂಬುದೆಲ್ಲ ನನಗೆ ಕಾಣುತ್ತದೆ. "ಪೂರಾ ಕೇಳೀನ್ರಿ, ಭಾಳ ಛಲೋ ಆಗೈತಿ" ಎನ್ನುವವರು ಅರ್ಧ ನಿಮಿಷಕ್ಕೇ ಎದ್ದುಹೋಗಿರುವುದು ನನಗೆ ಗೊತ್ತಿರುತ್ತದೆ. ನಾನು ಮುಖ ಗಂಭೀರ ಮಾಡಿಕೊಂಡು "ಹೌದ್ರಿ" ಎನ್ನುತ್ತೇನೆ.

ಸವಣೂರಿನ ಭಜನಾ ಮೇಳದ ಮಾಸ್ತರರು ತತ್ವಪದಗಳ ಒಂದು ಸಂಗ್ರಹ ತರಲು ಹೊರಟಿದ್ದರು. ಅದರಲ್ಲಿ ಚಿಕ್ಕೇರೂರಿನ ಈರಪ್ಪಜ್ಜನ ಒಂದು ಪದ ಇರಲೇಬೇಕೆಂದು ಅವರ ಹಟ. ಅಜ್ಜ, "ನನ್ನ ದನಿ ಈ ಪಡಸಾಲಿ ದಾಟಿ ಬರೂದಿಲ್ರಿ" ಎಂದು ಕುಳಿತುಬಿಟ್ಟ. ನಾನೇ ಮೈಕು ಹೊತ್ತುಕೊಂಡು ಹೋದೆ. ಅಜ್ಜ ಕಣ್ಣು ಮುಚ್ಚಿ ಹಾಡಿದ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಕೆಮ್ಮಿದ, ಒಳಗೆ ಮುಖ ಮಾಡಿ, "ಏ ಗಂಗವ್ವಾ, ಒಂದೀಟ ನೀರ ತಾ" ಎಂದ, ನೀರು ಕುಡಿದು ಮತ್ತೆ ಹಾಡಿದ. ಗಂಗವ್ವ ಅವನ ಹೆಂಡತಿ, ಮನೆಗೆ ಹೊಂದಿಕೊಂಡ ಹಿಟ್ಟಿನ ಗಿರಣಿ ನಡೆಸುವಾಕೆ. ನಮ್ಮ ಕಡೆ ಗಿರಾಕಿಗಳ ಹೆಸರಿನಲ್ಲಿ ಖಾತೆ ತೆರೆದುಕೊಡುವುದೂ ನನ್ನದೇ ಕೆಲಸ. ಅಜ್ಜನ ಫೋನಿನಲ್ಲಿ ‘ಈರಪ್ಪಜ್ಜ’ ಎಂದು ನಾನೇ ಬರೆದುಕೊಟ್ಟೆ. ಮರುದಿನ ಹಾಡನ್ನು ಏರಿಸಿ ಲಿಂಕು ಕಳಿಸಿದೆ.

ಎಂಟು ದಿನಕ್ಕೆ ಅಜ್ಜ ತೀರಿಕೊಂಡ. ಮಣ್ಣಿಗೆ ನಾನೂ ಹೋಗಿದ್ದೆ. ಕುಣಿಯಲ್ಲಿ ಕೂರಿಸುವಾಗ ಅವನು ಹಾಡುತ್ತಾ ಬಡಿಯುತ್ತಿದ್ದ ದಮ್ಮಡಿ ಇಟ್ಟರು, ಗಂಗವ್ವ ಕೌದಿಯ ತುಂಡಿನಲ್ಲಿ ಹೊಲಿದುಕೊಟ್ಟಿದ್ದ ಫೋನಿನ ಚೀಲವನ್ನೂ ಕೊರಳಿಗೆ ಹಾಕಿದರು. ಇದನ್ನು ನಾನು ಕಣ್ಣಾರೆ ಕಂಡೆ.

ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಕಂಪ್ಯೂಟರಿನಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿತು. ‘ಈರಪ್ಪಜ್ಜ ಈಗ ಕೇಳುತ್ತಿದ್ದಾರೆ.’

ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ. ಹಾಡು ಎಲ್ಲಿಯವರೆಗೆ ಬಂತೆಂದು ತೋರಿಸುವ ಗೆರೆ ಮೆಲ್ಲಗೆ ಮುಂದೆ ಸರಿಯಿತು. ನಾಲ್ಕು ಹನ್ನೆರಡಕ್ಕೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ನಿಂತು ಮತ್ತೆ ಹೊರಟಿತು. ಮರುದಿನವೂ ಒಂದಕ್ಕೇ, ಅಲ್ಲೇ ನಿಂತಿತು. ಮಣ್ಣಿನೊಳಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಯೋಚಿಸಿದೆನೆಂದರೆ ನನ್ನ ಬುದ್ಧಿಯ ಅಳತೆ ನಿಮಗೆ ಸಿಕ್ಕಿರಬೇಕು. ನಮ್ಮ ಮನೆಯ ಮಾಳಿಗೆಯ ಮೇಲೆಯೇ ಸರಿಯಾಗಿ ಸಿಗುವುದಿಲ್ಲ!

ಲಿಂಕು ಮಾಸ್ತರರ ಬಳಿಯೂ ಇತ್ತು, ಹಸಿರು ಚುಕ್ಕೆ ಅವರಿಗೂ ಕಾಣುತ್ತಿತ್ತು. ಅವರು ಫೋನು ಮಾಡಿದರು. "ಏನ್ರಿ ಇದು? ಮಣ್ಣಾದ ಮನಶ್ಯಾ ಹಾಡ ಕೇಳಾಕತ್ತಾನಂತ ತೋರಸ್ತೈತಿ! ಯಾರೋ ಕಳ್ಳರ ಒಳಗ ಹೊಕ್ಕಾರ. ಬಿಡುಗಡಿಗಿಂತ ಮದಲ ಒಂದ ಎಳಿ ಹೊರಗ ಹೋಗಬಾರದು, ನೋಡ್ರಿ. ಮತ್ತ ಆ ಕೆಮ್ಮು ತಗದ ಹಾಕ್ರಿ." ಕೆಮ್ಮು ತೆಗೆಯುವುದರಲ್ಲಿ ನನ್ನದು ಎತ್ತಿದ ಕೈ. ಕೆಮ್ಮನ್ನೂ ನೀರು ಕೇಳಿದ್ದನ್ನೂ ನುಣ್ಣಗೆ ಕತ್ತರಿಸಿ, ಹಳೆಯದರ ಜಾಗದಲ್ಲೇ ಹೊಸದನ್ನಿಟ್ಟೆ. ಮೂಲವನ್ನು ಅಳಿಸಿದೆ. ಕೆಲಸ ಮುಗಿದ ಮೇಲೆ ಕಸ ಇಟ್ಟುಕೊಳ್ಳಬಾರದೆಂಬುದು ನನ್ನ ಶಿಸ್ತು.

ಮರುದಿನ ಒಂದಕ್ಕೆ ಚುಕ್ಕೆ ಹೊತ್ತಿತು. ಗೆರೆ ನಾಲ್ಕು ಹನ್ನೆರಡನ್ನು ದಾಟಿತು. ನಿಂತಿತು. ಹಿಂದಕ್ಕೆ ಬಂತು. ಮತ್ತೆ ದಾಟಿತು, ಮತ್ತೆ ಹಿಂದಕ್ಕೆ. ನಾಲ್ಕು ಗಂಟೆಯವರೆಗೆ ಮೂವತ್ತೊಂದು ಸಲ. ಕಳೆದುಹೋದ ಏನನ್ನೋ ಯಾರೋ ತಡಕಾಡುತ್ತಿದ್ದರು. ಸತ್ತವನ ಕೆಮ್ಮು ಕದ್ದವನಿಗೆ ಯಾವ ಶಿಕ್ಷೆಯೋ ಎಂದು ಲೆಕ್ಕ ಹಾಕುತ್ತಾ, ಮರುದಿನ ಒಂದು ತೆಂಗಿನಕಾಯಿ ಹಿಡಿದುಕೊಂಡು ಚಿಕ್ಕೇರೂರಿನ ಬಸ್ಸು ಹತ್ತಿದೆ. ನನ್ನ ದುರದೃಷ್ಟಕ್ಕೆ ಬಸ್ಸು ಎಂದೂ ಇಲ್ಲದಂತೆ ವೇಳೆಗೆ ಸರಿಯಾಗಿ ಮುಟ್ಟಿತು. ಮನೆಯ ಮುಂದೆ ನಿಂತಾಗ ಒಂದು ಗಂಟೆ.

ಬಾಗಿಲು ತೆರೆದಿತ್ತು. ಒಳಗಿನ ಮಬ್ಬಿನಿಂದ ನೆತ್ತಿಯಿಂದ ಕಾಲಿನವರೆಗೆ ಬಿಳಿಯಾದ ಒಂದು ಆಕೃತಿ ನನ್ನತ್ತ ನಡೆದು ಬಂತು. ಹುಬ್ಬು, ರೆಪ್ಪೆಯೂ ಬಿಳಿ. ಕಾಯಿ ಕೈಯಿಂದ ಬಿದ್ದು ಉರುಳಿತು.

"ಸ್ಟುಡಿಯೋದವರ ಏನ್ರಿ? ಬರ್ರಿ, ಕುಂದರ್ರಿ" ಎಂದಿತು ಆಕೃತಿ, ಸೆರಗಿನಿಂದ ಹಿಟ್ಟು ಕೊಡವಿಕೊಳ್ಳುತ್ತಾ. ಗಂಗವ್ವ ಆಗಷ್ಟೇ ಗಿರಣಿ ನಿಲ್ಲಿಸಿ ಬಂದಿದ್ದಳು. "ಛಲೋ ಆತು ಬಂದ್ರಿ. ಇವ್ರು ನನ್ನ ಮ್ಯಾಲೆ ಸಿಟ್ಟಾಗ್ಯಾರ್ರಿ."

ಗೋಡೆಯ ಮೇಲೆ ಅಜ್ಜನ ಫೋಟೋ. ಅದರ ಮುಂದೆ ಅದೇ ಫೋನು, ಪಕ್ಕದಲ್ಲಿ ಖಾಲಿ ತಂಬಿಗೆ.

"ಫೋನ… ಮಣ್ಣಾಗ…" ಎಂದೆ.

"ಬರೇ ಚೀಲಾ ಹಾಕೇವ್ರಿ. ನಡಿಯೂ ಫೋನ ಯಾರರ ಹುಗೀತಾರೇನ?" ಎಂದು ನನ್ನನ್ನು ಕನಿಕರದಿಂದ ನೋಡಿದಳು. "ದಿನಾ ಒಂದಕ್ಕ ಗಿರಣಿ ಬಂದ ಮಾಡಿ ಇದನ್ನ ಹಚ್ಚತೇನ್ರಿ, ಸೊಸಿ ಕಲಿಸ್ಯಾಳ. ಹಾಡತಾರ, ಕೆಮ್ಮತಾರ, ನೀರ ಕೇಳತಾರ. ಹಾಡ ಅಲ್ಲೇ ನಿಂದ್ರಿಸಿ ತಂದಿಡತೇನಿ. ಆಮ್ಯಾಲೆ ನಾ ಉಣ್ಣೂದು. ನಿನ್ನೆಯಿಂದ ನೀರ ಕೇಳವಲ್ರು. ಎಷ್ಟ ಸಲ ಹಚ್ಚಿದ್ರೂ ಕೇಳವಲ್ರು. ನಾ ಏನ ತಪ್ಪ ಮಾಡಿದ್ನೋ… ಒಂದ ತುತ್ತ ಇಳಿವಲ್ದರಿ."

ತಪ್ಪು ಮಾಡಿದವನು ಎದುರಿಗೇ ಕುಳಿತಿದ್ದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ದೆವ್ವವೇ ಎದುರಾಗಿದ್ದರೂ ಇದಕ್ಕಿಂತ ಹಗುರವಿತ್ತು. "ನಂದ ತಪ್ಪರಿ, ಯವ್ವಾ. ನೀರು ಕೇಳಿದ್ದನ್ನ ನಾನ ಕತ್ತರಿಸೇನಿ. ನಾಳೆ ಒಂದಕ್ಕ ಕೇಳತಾರ" ಎಂದುಬಿಟ್ಟೆ. ಹೇಳುವಾಗಲೇ ಗೊತ್ತಿತ್ತು, ಮೂಲ ನನ್ನ ಬಳಿ ಇಲ್ಲ ಎಂದು.

ಬಸ್‌ಸ್ಟ್ಯಾಂಡಿನಿಂದಲೇ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ದನಿ ತಗ್ಗಿಸಿದರು. "ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಮದಲಿನ ಹಾಡು ತಡಸದ ಬೀಗರಿಗೆ ಕಳಿಸಿದ್ದೆ. ಅವರೊಬ್ಬರಿಗೆ ಅಷ್ಟ." ಬೀಗರೂ ಒಬ್ಬರಿಗೆ ಅಷ್ಟೇ ಕಳಿಸಿದ್ದರು, ಆ ಒಬ್ಬರೂ ಹಾಗೆಯೇ. ಸಂಜೆಯೊಳಗೆ ಈರಪ್ಪಜ್ಜನ ಕೆಮ್ಮು ತಡಸದಿಂದ, ಶಿಗ್ಗಾವಿಯಿಂದ, ಕೊನೆಗೆ ನಮ್ಮ ಪಕ್ಕದ ಆಡೂರಿನಿಂದಲೂ ನನ್ನ ಫೋನಿಗೆ ಬಂದು ಬಿತ್ತು. ಗುಟ್ಟು ಕಾಯದ ಜನರಿಗೆ ಕೈ ಮುಗಿದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಗಂಗವ್ವನ ಲಿಂಕಿಗೆ ಹಳೆಯದನ್ನೇ ಮತ್ತೆ ಇಟ್ಟೆ. ಲೋಕಕ್ಕೆ ಕೆಮ್ಮಿಲ್ಲದ್ದನ್ನು ಬೇರೆ ಮಾಡಿಕೊಟ್ಟೆ.

ಮರುದಿನ ಒಂದಕ್ಕೆ ಚುಕ್ಕೆ ಹೊತ್ತಿತು. ಎಲ್ಲವೂ ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು. ಗೆರೆ ನಾಲ್ಕು ಹನ್ನೆರಡಕ್ಕೆ ಬಂದು, ಅಡುಗೆಮನೆಗೆ ಹೋಗಿ ಬರುವಷ್ಟು ಹೊತ್ತು ನಿಂತು, ಮುಂದೆ ಸರಿಯಿತು. ನನ್ನ ಕಣ್ಣು ತುಂಬಿತು, ಗಂಟಲೂ ಒಣಗಿತು. ಕೆಳಗಿದ್ದ ಹೆಂಡತಿಗೆ ಕೇಳಲೆಂದು, "ಏ, ಒಂದೀಟ ನೀರ ತಾ" ಎಂದು ಅಜ್ಜನ ದನಿಯಲ್ಲೇ ಕೂಗಿದೆ.

ಅವಳು ಮಾಳಿಗೆಯ ಮೆಟ್ಟಿಲವರೆಗೆ ಬಂದು, "ಕೊಡಾ ನಿಮ್ಮ ಬಗಲಾಗ ಐತಿ, ಎದ್ದ ಕುಡೀರಿ. ನಾ ತರಬೇಕಂದ್ರ ನೀವೂ ರೆಕಾರ್ಡ ಮಾಡಿಟ್ಟ ಹೋಗ್ರಿ, ಆಗ ನೋಡೂಣು" ಎಂದು ಹೊರಟುಹೋದಳು.

ಎದ್ದು ಕುಡಿದೆ. ಕುಳಿತ ಮೇಲೆ ಕಂಡಿತು, ಮೈಕು ಆನ್ ಆಗಿಯೇ ಇತ್ತು. ಅವಳ ಬೈಗುಳ ಪೂರ್ತಿ ಅದರೊಳಗೆ ಬಿದ್ದಿತ್ತು. ಕಸ ಇಟ್ಟುಕೊಳ್ಳಬಾರದೆಂಬ ಶಿಸ್ತಿನವನು ನಾನು, ಅದನ್ನು ಮಾತ್ರ ಇನ್ನೂ ಅಳಿಸಿಲ್ಲ.