ನಡುವಣ್ಣನ ಏಳುನೂರ ಇಪ್ಪತ್ತು ಅಜ್ಜಿಯರು

ಅವತ್ತು ಲಿಫ್ಟ್ ಕೆಟ್ಟಿರದಿದ್ದರೆ ನಡುವಣ್ಣನ ಏಳುನೂರ ಇಪ್ಪತ್ತು ಅಜ್ಜಿಯರು ಮೆಟ್ಟಿಲ ಮೇಲೆ ಉರುಳುತ್ತಿರಲಿಲ್ಲ.

ಆ ದೊಡ್ಡ ಸ್ಟುಡಿಯೋದ ಮೂರನೇ ಮಹಡಿಯಲ್ಲಿ ಕೈಯಿಂದ ಚಿತ್ರ ಬಿಡಿಸಿ ಸಿನಿಮಾ ಮಾಡುವ ವಿಭಾಗವೊಂದಿತ್ತು. ವಿಭಾಗ ಅನ್ನುವುದು ಬಾಗಿಲ ಮೇಲಿನ ಮಾತು. ಒಳಗೆ ಉಳಿದಿದ್ದವನು ನಡುವಣ್ಣ ಒಬ್ಬನೇ. ಮುಖ್ಯ ಕಲಾವಿದರು ಅಜ್ಜಿ ಕೂತ ಚಿತ್ರವೊಂದು, ಎದ್ದ ಚಿತ್ರವೊಂದು ಬರೆದು ಕೊಟ್ಟರೆ, ಅವಳು ಮೊಣಕಾಲು ಹಿಡಿದು, ‘ಅಯ್ಯಮ್ಮಾ’ ಅಂದು, ಸೊಂಟ ನೆಟ್ಟಗೆ ಮಾಡಿಕೊಳ್ಳುವ ನಡುವಿನ ಚಿತ್ರಗಳನ್ನೆಲ್ಲ ಬರೆಯುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಮುಖ್ಯ ಕಲಾವಿದರು ಹೋದ ತಿಂಗಳು ನಿವೃತ್ತರಾಗಿದ್ದರು. ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿ. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು: “ಇವತ್ತಾದ್ರೂ ಬಾಯಿಬಿಟ್ಟು ಆ ಕುರ್ಚಿ ಕೇಳಿ. ನಡುವೆ, ನಡುವೆ ಅಂತ ನಿಮ್ಮ ತಲೆ ನಡುವಿನ ಕೂದ್ಲೂ ಹೋಯ್ತು.”

ಆದರೆ ಕುರ್ಚಿ ಕೇಳಬೇಕಾದರೆ ಮೊದಲು ವಿಭಾಗ ಉಳಿಯಬೇಕಲ್ಲ? ಹೊಸದಾಗಿ ಬಂದಿದ್ದ ದೊಡ್ಡ ಮೇಡಂ ಎರಡು ತಿಂಗಳ ಹಿಂದೆ ಒಂದು ಪಂದ್ಯ ಇಟ್ಟಿದ್ದರು. ಅಜ್ಜಿಯೊಬ್ಬಳು ಸೂಜಿಗೆ ದಾರ ಪೋಣಿಸುವ ಒಂದು ನಿಮಿಷದ ಚಿತ್ರ. ಕಂಪ್ಯೂಟರ್ ವಿಭಾಗದವರು ಒಂದು ಮಾಡಬೇಕು, ಕೈಯವರು ಒಂದು ಮಾಡಬೇಕು. ಮುಖ್ಯ ಕಲಾವಿದರು ತಮ್ಮ ಪಾಲಿನ ಚಿತ್ರಗಳನ್ನು ಹೋಗುವ ಮೊದಲೇ ಬರೆದಿಟ್ಟಿದ್ದರು. ಅವತ್ತು ಸಂಜೆ ನಾಲ್ಕಕ್ಕೆ ಎರಡನ್ನೂ ನೋಡಿ, ಮುಂದಿನ ದೊಡ್ಡ ಸಿನಿಮಾ ಯಾರದು ಅಂತ ತೀರ್ಮಾನ. ಸೋತರೆ ಮೂರನೇ ಮಹಡಿಗೆ ಬೀಗ.

ಹೀಗೆ ನಡುವಣ್ಣ ಬೆಳಿಗ್ಗೆ ಹತ್ತಕ್ಕೆ ಏಳುನೂರ ಇಪ್ಪತ್ತು ಹಾಳೆ ಎದೆಗವಚಿಕೊಂಡು, ಹೆಜ್ಜೆ ಕಾಣದೆ, ತುಂಬಿದ ಬಸುರಿಯ ಹಾಗೆ ಕೆಳಗಿನ ಕ್ಯಾಮೆರಾ ಕೋಣೆಗೆ ಇಳಿಯುತ್ತಿದ್ದ. ಒಂದೊಂದೇ ಹಾಳೆಯನ್ನು ಕ್ಯಾಮೆರಾದಡಿ ಇಟ್ಟು ತೆಗೆಯಬೇಕಿತ್ತು. ಎದುರಿಗೆ ಲೆಕ್ಕದ ಸಾಹೇಬರು ಬಂದರು. ತುಂಬ ಒಳ್ಳೆಯವರು. ತೊಂದರೆ ಅದೇ.

“ಭಯಪಡಬೇಡ ನಡುವಣ್ಣ! ನಾವೆಲ್ಲ ನಿನ್ನ ಜೊತೆಗಿದ್ದೀವಿ!” ಅಂದು ಬೆನ್ನಿಗೆ ಒಂದು ಬಾರಿಸಿದರು.

ಅಷ್ಟೇ. ಅಜ್ಜಿಯರು ಹಾರಿದರು. ಮೆಟ್ಟಿಲು, ಮೂಲೆ, ಕೆಟ್ಟ ಲಿಫ್ಟಿನ ಬಾಗಿಲು, ಎಲ್ಲೆಲ್ಲೂ ಅಜ್ಜಿಯರೇ.

ಗದ್ದಲ ಕೇಳಿ ಕೆಲಸವಿಲ್ಲದೆ ಕೂತಿದ್ದ ಲಿಫ್ಟಿನವನು ಓಡಿಬಂದ. ಕ್ಯಾಂಟೀನ್ ಅಕ್ಕ ಚಹಾದ ತಟ್ಟೆ ಹಿಡಿದೇ ಬಂದಳು. ಹತ್ತು ಜನರ ನಡುವೆ ಹಾವು ಸಾಯಲ್ಲ ಅನ್ನುತ್ತಾರೆ. ಇಲ್ಲಿ ಮೂರೇ ಜನ ಸಾಕಾದರು. ಹಾಳೆಯನ್ನೆಲ್ಲ ಕ್ಯಾಮೆರಾ ಕೋಣೆಗೆ ಹೊತ್ತು ತಂದು ನೆಲದ ಮೇಲೆ ಹರವಿ ಕೂತರು. ಲಿಫ್ಟಿನವನು ಅರ್ಧ ಗಂಟೆ ಬೆವರು ಸುರಿಸಿ ಎರಡು ಕಟ್ಟು ಮಾಡಿದ.

“ಇದೇನಪ್ಪಾ?” ಅಂದ ನಡುವಣ್ಣ.

“ನಗೋ ಅಜ್ಜೀರು ಈ ಕಡೆ ಅಣ್ಣಾ. ಸಿಟ್ಟಿನ ಅಜ್ಜೀರು ಆ ಕಡೆ.”

“ಮೂಲೇಲಿ ನಂಬರ್ ಇದೆಯಲ್ಲೋ ಮಾರಾಯ!”

“ನೋಡ್ದೆ ಅಣ್ಣಾ. ಆದ್ರೆ ನಂಬರ್ ಪ್ರಕಾರ ಇಟ್ರೆ ನಗು ಸಿಟ್ಟು ಎಲ್ಲ ಬೆರೆತುಹೋಗುತ್ತೆ.”

ಲೆಕ್ಕದ ಸಾಹೇಬರು ನಂಬರ್ ಪ್ರಕಾರವೇ ಜೋಡಿಸುತ್ತಿದ್ದರು, ಹಾಳೆ ತಲೆಕೆಳಗಾಗಿ ಹಿಡಿದು. ಅರವತ್ತಾರನೇ ಅಜ್ಜಿ ತೊಂಬತ್ತೊಂಬತ್ತರ ಜಾಗದಲ್ಲಿ ಕಾಲು ಮೇಲೆ ಮಾಡಿ ಮಲಗಿದ್ದಳು. ಎಲ್ಲ ಸರಿಹೋಗಿ ನೂರು ನೂರರ ಕಟ್ಟುಗಳಾಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಗ ಕ್ಯಾಂಟೀನ್ ಅಕ್ಕ, “ಪಾಪ, ಒಂದು ಗುಟುಕು ಕುಡೀರಿ” ಅಂದು ತಟ್ಟೆ ಕೆಳಗಿಟ್ಟಳು. ಇಟ್ಟದ್ದು ಕಟ್ಟಿನ ಅಂಚಿಗೆ. ತಟ್ಟೆ ವಾಲಿತು. ನಾನೂರ ಒಂದರಿಂದ ನಾನೂರ ನಾಲ್ಕರವರೆಗೆ ನಾಲ್ಕು ಅಜ್ಜಿಯರು ಚಹಾದಲ್ಲಿ ಮುಳುಗಿದರು.

ನಡುವಣ್ಣನಿಗೆ ಅಳು ಬಂತು. ಮೇಲೆ ಹೋಗಿ ಬರೆದು ತರಲು ಮೊಣಕಾಲು ಒಪ್ಪಲಿಲ್ಲ. ಕೆಳಗೆ ಇದ್ದದ್ದು ಕ್ಯಾಮೆರಾದ ಮೇಜೊಂದೇ, ಅದರ ತುಂಬ ಅಜ್ಜಿಯರು. ಅಕ್ಕ ಸುತ್ತ ನೋಡಿದಳು.

“ಲೆಕ್ಕದ ಸಾಹೇಬ್ರೇ, ಬಗ್ಗಿ.”

“ನಾನಾ?”

“ಬೀಳಿಸಿದ್ದು ಯಾರು? ಬಗ್ಗಿ!”

ಸಾಹೇಬರು ಬಗ್ಗಿದರು. ನಡುವಣ್ಣ ಅವರ ಬೆನ್ನ ಮೇಲೆ ರಟ್ಟು, ರಟ್ಟಿನ ಮೇಲೆ ಹೊಸ ಹಾಳೆ ಇಟ್ಟು ಪೆನ್ಸಿಲ್ ಹಿಡಿದ. ನಾನೂರನೇ ಅಜ್ಜಿ, ನಾನೂರ ಐದನೇ ಅಜ್ಜಿ ಎದುರಿಗಿದ್ದರು. ನಡುವಿನವರನ್ನು ಬರೆಯುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಆದರೆ ಸಾಹೇಬರಿಗೆ ಕಚಗುಳಿ ಜಾಸ್ತಿ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

“ಹಿ ಹಿ... ಅಯ್ಯೋ... ಕೆನ್ನೆ ಬರೀಬೇಡಪ್ಪಾ, ಅಲ್ಲಿ ಬೇಡ!”

ನಾಲ್ಕೂ ಹಾಳೆಯಲ್ಲಿ ಕೆನ್ನೆಯ ಗೆರೆ ಗಾಳಿಗೆ ಸಿಕ್ಕ ದಾರದ ಹಾಗೆ ನಡುಗಿತು. ತಿದ್ದಲು ಹೊತ್ತಿರಲಿಲ್ಲ; ಹಾಗೇ ಉಳಿದವರ ಜೊತೆ ಕ್ಯಾಮೆರಾದಡಿ ಇಟ್ಟು ತೆಗೆದ.

ನಾಲ್ಕು ಗಂಟೆ. ಚಿತ್ರ ತೋರಿಸುವ ಕೋಣೆಯಲ್ಲಿ ಮೇಡಂ ಮುಂದಿನ ಸಾಲಿನಲ್ಲಿ ಕೂತರು. ಹಿಂದೆ ಕಂಪ್ಯೂಟರ್ ವಿಭಾಗದ ಇಪ್ಪತ್ತೆರಡು ಜನ, ಅವರ ಮುಖ್ಯಸ್ಥ ಮೌಸ್ ಸಾಹೇಬರು. ಮೊದಲು ಅವರ ಚಿತ್ರ. ಅಜ್ಜಿಯ ತಲೆಯ ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತಿತ್ತು. ಸೀರೆಯ ನೂಲು ಎಣಿಸಬಹುದಿತ್ತು. ಅವಳು ಮೊದಲ ಸಲಕ್ಕೇ ದಾರ ಪೋಣಿಸಿ, ನೆಟ್ಟಗೆ ಕೂತಳು. ಲೋಕದಲ್ಲಿ ಯಾವ ಅಜ್ಜಿಯೂ ಮಾಡದ ಕೆಲಸ.

ಆಮೇಲೆ ನಡುವಣ್ಣನದು. ಅಜ್ಜಿ ದಾರದ ತುದಿ ನೆಕ್ಕಿದಳು, ಕಣ್ಣು ಕಿರಿದು ಮಾಡಿದಳು, ತಪ್ಪಿದಳು, ಸೂಜಿಯನ್ನೇ ಬೈದಳು. ನಾನೂರ ಒಂದು ಬಂತು. ನಡುವಣ್ಣ ಕಣ್ಣು ಮುಚ್ಚಿಕೊಂಡ.

ಅಜ್ಜಿಯ ಕೆನ್ನೆ ಒಂದು ಕ್ಷಣ ಅದುರಿತು. ತನ್ನ ಪೆದ್ದುತನಕ್ಕೆ ತನಗೇ ನಗು ಬಂದು, ಯಾರಾದರೂ ನೋಡಿಯಾರು ಅಂತ ತಡೆದುಕೊಂಡ ಹಾಗೆ.

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಮೇಡಂ. ಆಮೇಲೆ ಇಡೀ ಕೋಣೆ ನಕ್ಕಿತು.

ದೀಪ ಬಂದಾಗ ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಆ ಅಜ್ಜಿ ನಗು ತಡ್ಕೊಂಡ್ಳಲ್ಲ, ಅಲ್ಲಿ ನನಗೆ ನಮ್ಮಮ್ಮ ಕಂಡ್ರು. ದೊಡ್ಡ ಸಿನಿಮಾ ಪೂರ್ತಿ ಕೈಯಲ್ಲೇ ಆಗ್ಲಿ. ಎಂಬತ್ತೈದು ನಿಮಿಷ.”

“ಅರವತ್ತೊಂದು ಸಾವಿರದ ಇನ್ನೂರು ಹಾಳೆ!” ಲೆಕ್ಕದ ಸಾಹೇಬರು ಸೊಂಟ ನೀವಿಕೊಳ್ಳುತ್ತಲೇ ಕೂಗಿದರು.

ನಡುವಣ್ಣ ಎದ್ದ. “ಮೇಡಂ, ಆ ಕಿಟಕಿ ಪಕ್ಕದ ಕುರ್ಚಿ...”

“ಹೌದೌದು, ಮುಖ್ಯ ಕಲಾವಿದರು ಬೇಕಲ್ಲ.” ಮೇಡಂ ಹಿಂದೆ ತಿರುಗಿದರು. “ನಿಮ್ಮಲ್ಲಿ ಯಾರಿಗಾದ್ರೂ ಕೈಯಲ್ಲಿ ಬರೆಯೋಕೆ ಬರುತ್ತಾ?”

ಸೋತು ಕೂತಿದ್ದ ಮೌಸ್ ಸಾಹೇಬರು ನಾಚಿಕೊಂಡು ಕೋಟಿನ ಒಳಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಹಾಳೆ ತುಂಬ ಪೆನ್ಸಿಲ್ ಚಿತ್ರ: ಹಾರುವ ನಾಯಿ, ತಲೆ ಬಾಚುವ ತಾಯಿ. “ಬಸ್ಸಲ್ಲಿ ಬರೀತೀನಿ ಮೇಡಂ. ಯಾರಿಗೂ ತೋರಿಸಿರಲಿಲ್ಲ.” ಅವರ ಹಿಂದೆ ಇನ್ನೊಂದು ಪುಸ್ತಕ ಬಂತು. ಇನ್ನೊಂದು. ಇಪ್ಪತ್ತೆರಡು ಜನರ ಚೀಲದಿಂದಲೂ ಇಪ್ಪತ್ತೆರಡು ಪುಸ್ತಕ, ಒಂದಕ್ಕಿಂತ ಒಂದು ಚೆಂದ. ನಡುವಣ್ಣ ನೋಡಿದ. ಇಷ್ಟು ವರ್ಷ ತಾನೊಬ್ಬನೇ ಅಂದುಕೊಂಡಿದ್ದ. ಇವರೆಲ್ಲ ಒಂದು ಮಹಡಿ ಕೆಳಗೇ ಇದ್ದರು! ಎದೆ ತುಂಬಿ ಬಂತು.

“ಹಾಗಾದ್ರೆ ಮುಖ್ಯ ಕಲಾವಿದರು ಮೌಸ್ ಸಾಹೇಬರೂ ಸೇರಿ ಇಪ್ಪತ್ತಮೂರು ಜನ,” ಅಂದರು ಮೇಡಂ. “ನಡುವಿನ ಚಿತ್ರ ಯಾರು ಬರೀತೀರಿ?”

ಇಪ್ಪತ್ತಮೂರೂ ಜನ ನೆಲ ನೋಡಿದರು.

ಮೇಡಂ ನಕ್ಕರು. “ಕೇಳಿದ್ದೇ ತಪ್ಪು ಬಿಡಿ. ಆ ನಗು ಬಂದಿದ್ದೇ ನಡುವಿನಲ್ಲಿ. ಆ ಜಾಗ ಇನ್ನೊಬ್ಬರಿಗೆ ಕೊಟ್ರೆ ನನ್ನನ್ನ ಯಾರೂ ಕ್ಷಮಿಸಲ್ಲ. ನಡುವಣ್ಣ, ಅದು ಯಾವತ್ತಿದ್ರೂ ನಿಮ್ಮದೇ.”

ಚಪ್ಪಾಳೆ ಮೊಳಗಿತು. ಅತಿ ಜೋರಾಗಿ ತಟ್ಟಿದವರು ಲೆಕ್ಕದ ಸಾಹೇಬರು.

ಐದೂವರೆಗೆ ಮೌಸ್ ಸಾಹೇಬರು ಓಡೋಡಿ ಮೂರನೇ ಮಹಡಿಗೆ ಬಂದರು. ಬೆರಳೆಲ್ಲ ಪೆನ್ಸಿಲ್ ಮಸಿ, ಮುಖದಲ್ಲಿ ಪರೀಕ್ಷೆ ಪಾಸಾದ ಮಗುವಿನ ಬೆಳಕು. ನಡುವಣ್ಣನ ಮುಂದೆ ಎರಡು ಹಾಳೆ ಇಟ್ಟರು. ಮೊದಲನೆಯದರಲ್ಲಿ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಎರಡನೆಯದರಲ್ಲಿ ಮನೆಯ ಮಾಡಿನ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಳು.

“ಇವಳು ಮೇಲೆ ಹೋಗಿದ್ದು ಹೇಗೆ?” ಕೇಳಿದ ನಡುವಣ್ಣ.

“ಅದು ನಡುವಿನ ವಿಷಯ ಅಲ್ವಾ ಅಣ್ಣಾ? ನಿಮಗೇ ಬಿಟ್ಟಿದ್ದು.” ಅಂದವರೇ ಮೂರನೆಯದನ್ನು ಬರೆಯಲು ಓಡಿದರು.

ನಡುವಣ್ಣ ಎರಡೂ ಅಜ್ಜಿಯರನ್ನು ಬಹಳ ಹೊತ್ತು ನೋಡಿದ. ನಿಟ್ಟುಸಿರು ಬಿಡಲು ಬಾಯಿ ತೆರೆದರೆ ನಗು ಬಂತು. ಹೊಸ ಹಾಳೆ ಎಳೆದುಕೊಂಡು, ಎಲ್ಲಕ್ಕಿಂತ ಮೊದಲು ಅವಳಿಗೊಂದು ಏಣಿ ಬರೆದ.