ಆಟದ ಪೆಟ್ಟಿಗೆಯ ತಳ

ರಿಪೇರಿ ಅಂಗಡಿಗೆ ಕೆಟ್ಟ ಸಾಮಾನು ಒಂದೇ ಬರುವುದಿಲ್ಲ, ಅದರ ಹಿಂದೆ ಮನೆಯ ಒಂದು ಜಗಳವೂ ಬರುತ್ತದೆ. ಬೀದರಿನಲ್ಲಿ ನನ್ನದು ಟಿವಿ, ಮಿಕ್ಸರ್ ರಿಪೇರಿ ಅಂಗಡಿ. ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ.

೧. ಜೀವ ಅದ, ಮೈ ಮುರದದ

ಡಿಸೆಂಬರ್ ತಿಂಗಳಲ್ಲಿ ಭಾಲ್ಕಿಯಿಂದ ಒಬ್ಬರು ಸಿಸ್ಟರ್ ಬಂದರು. ಸಿಸ್ಟರ್ ಎಂದರೆ ನರ್ಸ್, ನಮ್ಮ ಕಡೆ ಹಾಗೆಯೇ ಕರೆಯುವುದು. ಟವೆಲಿನಲ್ಲಿ ಸುತ್ತಿದ ಗಂಟನ್ನು ಕೂಸಿನಂತೆ ಎತ್ತಿಕೊಂಡಿದ್ದರು. ಒಳಗೆ ಮೂವತ್ತು ವರ್ಷ ಹಳೆಯ ವಿಡಿಯೋ ಗೇಮ್: ಟಿವಿಗೆ ಜೋಡಿಸಿ, ಮೇಲೆ ಕ್ಯಾಸೆಟ್ ಸಿಕ್ಕಿಸಿ, ಇಬ್ಬರು ಕೂತು ಆಡುವಂಥದ್ದು. ಅದರ ಮೇಲೆ ಉಪ್ಪಿನಕಾಯಿ ಬರಣಿ ಬಿದ್ದು ಪ್ಲಾಸ್ಟಿಕ್ ಮೈ ಒಡೆದಿತ್ತು.

"ಜೀವ ಅದರಿ, ಮೈ ಅಷ್ಟೇ ಮುರದದ," ಎಂದರು.

ಕ್ರಿಸ್ಮಸ್ಸಿಗೆ ಬೇಕೇ ಬೇಕಂತೆ. ಅಂದು ಚರ್ಚಿನಿಂದ ಬಂದ ಮೇಲೆ ಅವರು, ಅವರ ತಮ್ಮ ಒಂದು ಆಟ ಆಡುತ್ತಾರೆ. ತಮ್ಮ ಠಾಣಾ ಕುಶನೂರಿನಲ್ಲಿ ಸಾಲಿ ಮಾಸ್ತರ. ಚಿಕ್ಕಂದಿನಿಂದ ಇಂದಿನವರೆಗಿನ ಒಟ್ಟು ಗೆಲುವಿನಲ್ಲಿ ಯಾರು ಹಿಂದಿದ್ದಾರೋ ಅವರು ಹಬ್ಬದ ಬಿರ್ಯಾನಿಗೆ ಬೆಳ್ಳುಳ್ಳಿ ಸುಲಿಯಬೇಕು. ಸಿಸ್ಟರ್ ಈಗ ಎರಡು ಆಟ ಮುಂದೆ. ಅಂದರೆ ಈ ಸಲ ತಮ್ಮ ಗೆದ್ದರೂ ಸುಲಿಯುವುದು ಅವನೇ.

"ಹಂಗಾದ್ರ ಆಟ ಯಾಕ ಬೇಕ್ರಿ?" ಎಂದೆ.

"ಅಂವ ಆಸೆ ಇಟ್ಟುಕೊಂಡು ಆಡ್ತಾನಲ್ರಿ, ಅದನ್ನ ನೋಡ್ಲಿಕ್ಕ."

೨. ಬಜ್ಜಿಯವನ ಸಲಹೆ

ಮೇಲಿನ ಮುಚ್ಚಳ ಚೂರುಚೂರಾಗಿತ್ತು. ತಳ ಮಾತ್ರ ಎರಡೇ ಹೋಳಾಗಿತ್ತು. ತಳದ ತುಂಬ ಗೀರುಗಳು, ಎಲ್ಲಿ ಎಲ್ಲಿ ಎಳೆದಾಡಿದ್ದರೋ ಎಂದುಕೊಂಡೆ. ಇಂಥದ್ದಕ್ಕೆ ಒಂದು ಉಪಾಯವಿದೆ. ಬಿರುಕಿಗೆ ಥಟ್ಟನೆ ಹಿಡಿಯುವ ಅಂಟು ಬಿಟ್ಟು, ಮೇಲೆ ಅಡುಗೆ ಸೋಡಾ ಉದುರಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಅಂಗಡಿಯಲ್ಲಿ ಸೋಡಾ ಎಲ್ಲಿಯದು? ತಳವನ್ನೇ ಹಿಡಿದುಕೊಂಡು ಎದುರಿನ ಬಜ್ಜಿ ಗಾಡಿಗೆ ಹೋಗಿ ಒಂದು ಚಿಟಿಕೆ ಕೇಳಿದೆ. ಅವನು ಸೋಡಾ ಕೊಟ್ಟು, ಒಲೆ ಸಣ್ಣ ಮಾಡಿ ನೋಡುತ್ತ ನಿಂತ. ಸೋಡಾ ಬಿದ್ದದ್ದೇ ಅಂಟಿನಿಂದ ಸಣ್ಣಗೆ ಹೊಗೆ ಎದ್ದಿತು.

"ಸೋಡಾ ಜಾಸ್ತಿ ಆತ್ರಿ," ಎಂದ ಬಜ್ಜಿಯವ, "ಉಬ್ಬತದ ನೋಡ್ರಿ."

ನಾನು ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವವನು, ಕೈಯಲ್ಲಿ ಉಳಿದದ್ದನ್ನೂ ಉದುರಿಸಿದೆ. ಬಲಗಡೆ ಗೋಲಿಯಷ್ಟು ದಪ್ಪ ಉಬ್ಬಿತು.

೩. ಕೆಂಪು ದಾರ

ಉಬ್ಬಿದ ತಳ ನೆಟ್ಟಗೆ ಕೂರಲಿಲ್ಲ, ಮೇಲ್ಭಾಗವಂತೂ ಹೋಗೇ ಹೋಗಿತ್ತು. ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯವನನ್ನು ವಿಚಾರಿಸಿದೆ. ಇಂಥದೇ ಖಾಲಿ ಪೆಟ್ಟಿಗೆ ಔರಾದಿನ ಒಬ್ಬ ದರ್ಜಿಯ ಹತ್ತಿರ ನೋಡಿದ್ದೇನೆ ಎಂದ. ಅದು ಅಲ್ಲಿ ಏನು ಮಾಡುತ್ತಿದೆ ಎಂಬ ಕುತೂಹಲಕ್ಕೇ, ಅಳತೆಗೆಂದು ಹಳೆಯ ತಳ ಹಿಡಿದುಕೊಂಡು ಬಸ್ಸು ಹತ್ತಿದೆ.

ಹೌದು, ಅದೇ ಪೆಟ್ಟಿಗೆ, ಒಂದು ಬಿರುಕಿಲ್ಲ. ಕ್ಯಾಸೆಟ್ ಹಾಕುವ ಜಾಗದಲ್ಲಿ ದರ್ಜಿ ಚಾಕ್ ಇಟ್ಟಿದ್ದ. ಮುಂದೆ ರಿಮೋಟಿನ ವೈರು ಸಿಕ್ಕಿಸುವ ಎರಡು ತೂತುಗಳಿಂದ ಒಂದು ಬಿಳಿ, ಒಂದು ಕಪ್ಪು ದಾರ ಹೊರಗೆ ಬರುತ್ತಿದ್ದವು.

ಇದು ಆಟದ್ದು ಎಂದರೆ ಅವನು ಒಪ್ಪಲಿಲ್ಲ. "ಆಟದ್ದಕ್ಕ ದಾರದ ತೂತು ಯಾಕ ಇಟ್ಟಾರ ಮತ್ತ?" ಎಂದು ಕೇಳಿದ.

ಕೊನೆಗೆ ಬದಲಿಗೆ ಒಂದು ಬಿಸ್ಕೀಟಿನ ಡಬ್ಬಿಗೆ ತೂತು ಹಾಕಿ ಕೊಡುವುದೆಂದಾಯಿತು. ನನ್ನ ಕೈಯಲ್ಲಿದ್ದ ಹಳೆಯ ತಳವನ್ನೂ ನೋಡಿ, ಕೆಲಸಕ್ಕೆ ಬರುತ್ತದೆ, ಬಿಟ್ಟು ಹೋಗಿ ಎಂದ. ಸಂತೋಷದಿಂದ ಕೊಟ್ಟೆ.

"ಡಬ್ಬಿಗಿ ಮೂರು ತೂತು ಹಾಕ್ರಿ," ಎಂದ. "ಆ ಪೆಟ್ಟಿಗಿ ಮಾಡ್ದವರು ಕೆಂಪು ದಾರ ಮರತಾರ."

೪. ಮೂರನೆಯ ಸಾಲು

ಹಬ್ಬಕ್ಕೆ ಎರಡು ದಿನ ಇರುವಾಗ ಸಿಸ್ಟರ್ ಬಂದರು. ಹೊಸ ಮೈ ನೋಡಿ ಹಿಗ್ಗಿದರು. ಆಮೇಲೆ ಪೆಟ್ಟಿಗೆ ತಿರುವಿದರು, ಮುಖ ಬಾಡಿತು.

"ನಮ್ಮ ಗೀಟು ಎಲ್ಲವ್ರಿ?"

ನಾನು ಗೀರು ಎಂದುಕೊಂಡದ್ದು ಮೂವತ್ತು ವರ್ಷದ ಗೆಲುವಿನ ಗೀಟುಗಳು. ಕಂಪಾಸಿನ ಮೊನೆಯಿಂದ ಕೊರೆದದ್ದು, ಬಲಕ್ಕೆ ಅಕ್ಕನವು, ಎಡಕ್ಕೆ ತಮ್ಮನವು. ಅವರ ಮನೆಯಲ್ಲಿ ಬಾಯಿ ಮಾತು ನಡೆಯುವುದಿಲ್ಲ, ಗೀಟು ಹೇಳಿದ್ದೇ ಕೊನೆ. ಆ ನಿಯಮ ಮಾಡಿದವರು ಸಿಸ್ಟರೇ.

ನನ್ನ ಅಂಗಡಿಯ ಶಟರನ್ನು ಅವರೇ ಎಳೆದು, "ನಡೀರಿ ಔರಾದಿಗಿ," ಎಂದರು.

ದರ್ಜಿ ಆ ತಳವನ್ನು ಮಷೀನಿನ ಎದುರು ಗೋಡೆಗೆ ಒರಗಿಸಿದ್ದ. ನಮ್ಮನ್ನು ನೋಡಿ ಖುಷಿಯಾದ. "ಛಲೋ ಹಲಗಿ ಕೊಟ್ರಿ. ಒಂದು ಬ್ಲೌಸ್ ಹೊಲಿದ್ರ ಒಂದು ಗೀಟು. ಎಣಿಸಿದ್ರ ನನಗೇ ಆಶ್ಚರ್ಯ, ಇಷ್ಟು ಹೊಲದೇನಿ ಅಂತ ಗೊತ್ತೇ ಇರ್ಲಿಲ್ಲ."

ಅವನು ಹಾಕಿದ ಗೀಟೆಲ್ಲ ಎಡಗಡೆ, ತಮ್ಮನ ಕಡೆ. ಕತ್ತರಿಯ ಮೊನೆಯಿಂದ, ಖಾಲಿ ಇದ್ದಲ್ಲೆಲ್ಲ ಕೊರೆದಿದ್ದ. ಎಡಕ್ಕೇ ಯಾಕೆ ಎಂದು ಸಿಸ್ಟರ್ ಕೇಳಿದರು.

"ಬಲಕ್ಕ ಯಾರೋ ಏನೋ ಸುರದು ಉಬ್ಬಿಸ್ಯಾರ್ರಿ, ಕತ್ರಿ ಜಾರ್ತದ."

ಅವನಿಗೆ ಗೀಟು ಹಾಕಲು ಒಂದು ಸ್ಲೇಟು ಪಾಟಿ ಕೊಡಿಸಿ ತಳ ಬಿಡಿಸಿಕೊಂಡು ಬಂದೆವು. ಕ್ರಿಸ್ಮಸ್ ದಿನ ಸಾಕ್ಷಿ ಹೇಳಲು ನಾನೂ ಭಾಲ್ಕಿಗೆ ಹೋಗಬೇಕಾಯಿತು. ಆಟಕ್ಕೆ ಕೂರುವ ಮೊದಲೇ ತಮ್ಮ ತಳ ತಿರುವಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಅಕ್ಕಾ, ನಾ ಹದಿನೇಳು ಮುಂದ ಇದ್ದೇನಿ," ಎಂದರು, ಪಾಪ, ಮೆತ್ತಗೆ.

ನಾನು ಬಜ್ಜಿ ಗಾಡಿಯಿಂದ ಹಿಡಿದು ಎಲ್ಲ ಒಪ್ಪಿಕೊಂಡೆ. ಮಾಸ್ತರು ಪೂರ್ತಿ ಕೇಳಿ, "ಹಂಗಾರ ತಪ್ಪು ಯಾರದು?" ಎಂದರು. ಅಕ್ಕ ತಮ್ಮ ಇಬ್ಬರೂ ನನ್ನ ಕಡೆ ನೋಡಿದರು. ಮೂವತ್ತು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ಮಾತು ಅದು.

ಮೊರದ ತುಂಬ ಬೆಳ್ಳುಳ್ಳಿ ನನ್ನ ಮುಂದೆ ಬಂತು. ನಾನು ಸುಲಿಯುತ್ತಿರುವಾಗ ಮಾಸ್ತರು ತಳದ ನಡುವೆ ನನ್ನ ಹೆಸರಿನಲ್ಲಿ ಮೂರನೆಯ ಸಾಲು ತೆರೆದರು. ಅದರಲ್ಲಿ ಇನ್ನೂ ಒಂದೂ ಗೀಟಿಲ್ಲ. ಹಾಗಾಗಿ ಬರುವ ಕ್ರಿಸ್ಮಸ್ಸಿಗೂ ಎಲ್ಲರಿಗಿಂತ ಹಿಂದಿರುವವನು ನಾನೇ.