ಹೊತ್ತು ಮುಳುಗುವ ಮುಂಚಿನ ಗುಳಿಗೆ

ದೊಡ್ಡ ಬೇನೆಯಿಂದ ಎದ್ದು ಬಂದವರಿಗೆ ಜನ ಒಂದು ಕೆಲಸ ಹಚ್ಚುತ್ತಾರೆ: ಸುಖವಾಗಿ ಇರುವುದು. ಅದನ್ನು ಸರಿಯಾಗಿ ಮಾಡದಿದ್ದರೆ ಅವರಿಗೆ ಸಿಟ್ಟು ಬರುತ್ತದೆ. ನನಗೆ ಎದೆಯ ಕ್ಯಾನ್ಸರ್ ಆಗಿ, ಮಿರಜಿನಲ್ಲಿ ಆಪರೇಷನ್ ಆಗಿ, ಮೇಲೆ ಊರವರು ಕರೆಂಟು ಎನ್ನುವ ರೇಡಿಯೇಶನ್ನನ್ನೂ ಕೊಟ್ಟು, "ಇನ್ನು ಚಿಂತೆಯಿಲ್ಲ" ಎಂದು ಡಾಕ್ಟರು ನಮ್ಮೂರು ಸದಲಗಾಕ್ಕೆ ಕಳಿಸಿದ್ದು ಎಂಬತ್ತರ ದಶಕದ ಕೊನೆಗೆ. ಊರವರ ಪ್ರಕಾರ ಅಂದಿನಿಂದ ನಾನು ಹಾಸಿಗೆ ಕಂಡೊಡನೆ ಗೊರಕೆ ಹೊಡೆಯಬೇಕಿತ್ತು. ಆದರೆ ನಿದ್ದೆ ನನ್ನನ್ನು ಮಿರಜಿನಲ್ಲೇ ಬಿಟ್ಟು ಹೋಗಿತ್ತು. ಇಪ್ಪತ್ತು ವರ್ಷ ಕನ್ನಡ ಶಾಲೆಯಲ್ಲಿ ವ್ಯಾಕರಣ ಹೇಳಿ ಊರಿನ ಅರ್ಧ ಮಕ್ಕಳನ್ನು ಹಾಡುಹಗಲೇ ಮಲಗಿಸಿದ ನನ್ನಂಥ ಅಕ್ಕೋರಿಗೆ ಸ್ವಂತಕ್ಕೆ ಎರಡು ತಾಸು ನಿದ್ದೆ ಹತ್ತುತ್ತಿರಲಿಲ್ಲ.

ಇದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಕ್ಯಾನ್ಸರ್ ಎಂಬ ಶಬ್ದ ನುಡಿಯಲು ಅಂಜಿ "ಅದು, ಅದು" ಎನ್ನುತ್ತಿದ್ದವರೆಲ್ಲ ನಿದ್ದೆಯ ಮಾತು ಬಂದೊಡನೆ ಪಂಡಿತರಾದರು. ಒಬ್ಬರು ಗಸಗಸೆ ಅರೆದು ಕುಡಿಸಿದರು, ಇನ್ನೊಬ್ಬರು ಅಂಗಾಲಿಗೆ ಎಮ್ಮೆತುಪ್ಪ ತಿಕ್ಕಿದರು. ಬಸದಿಯ ಉಪಾಧ್ಯರು, "ಇಪ್ಪತ್ನಾಲ್ಕು ತೀರ್ಥಂಕರರ ಹೆಸರು ಸಾಲಾಗಿ ಹೇಳ್ಕೋತ ಮಲಗ್ರಿ ಅಕ್ಕೋರ, ಹದಿನಾರು ಮುಟ್ಟೂದ್ರಾಗ ನಿದ್ದಿ ಹತ್ತತೈತಿ" ಎಂದರು. ಹತ್ತರ ಆಚೆ ನನಗೆ ಸಾಲು ತಪ್ಪಿತು. ತಪ್ಪನ್ನು ತಪ್ಪೆಂದು ಬಿಟ್ಟು ಮಲಗುವ ಜಾತಿಯೇ ಶಿಕ್ಷಕರದು? ಎದ್ದು, ದೀಪ ಹಚ್ಚಿ, ಪುಸ್ತಕ ತೆಗೆದು ತಿದ್ದಿಕೊಂಡೆ. ಅಂದಿನ ನಿದ್ದೆ ಅಲ್ಲಿಗೆ ಮುಗಿಯಿತು.

ದಿಗ್ಗೇವಾಡಿಯಿಂದ ನಮ್ಮ ಯಜಮಾನರ ಕಾಕು, ಅಂದರೆ ಚಿಕ್ಕಮ್ಮ, ಬಂದರು. ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡು, "ನಮ್ಮ ಊರಾಗೂ ಒಬ್ಬಾಕಿಗೆ ಹಿಂಗ ಆಗಿತ್ತವಾ. ಎರಡ ವರ್ಷ ಭಾಳ ಚಲೋ ಇದ್ಲು. ಆಮ್ಯಾಲ ಬಗಲಾಗ ಮತ್ತ ಗಂಟ ಬಂತು ನೋಡು..." ಎಂದವರು ನನ್ನ ಮುಖ ನೋಡಿ ತಡೆದರು. "ಇರ್ಲಿ ಬಿಡು, ಮನಸಿಗೆ ಹಚ್ಕೋಬ್ಯಾಡ. ನಿದ್ದಿ ಒಂದು ಚಲೋ ಮಾಡು." ಹೀಗೆ ಹೇಳಿ ಅವರು ನನ್ನದೇ ಹಾಸಿಗೆಯಲ್ಲಿ ಸಂಜೆಯವರೆಗೆ ಒರಗಿದರು. ಯಜಮಾನರಂತೂ, "ಸಾಯೂದು ತಪ್ಪೇತಿ, ನಿದ್ದಿ ಬರವಲ್ದಂತ ಅಳಾಕತ್ತೀಯಲ್ಲ!" ಎಂದು ಬೈದು, ಆ ಮಾತು ಮುಗಿಯುವುದರೊಳಗೆ ತಾವೇ ನಿದ್ದೆಹೋದರು.

ಕೊನೆಗೆ ಮಿರಜಿನ ಡಾಕ್ಟರು ನಿದ್ದೆಯ ಗುಳಿಗೆ ಬರೆದುಕೊಟ್ಟರು: ಮಲಗುವಾಗ ಒಂದು. ಬರೆದವರಿಗೆ ನಮ್ಮ ಮನೆ ಗೊತ್ತಿರಲಿಲ್ಲ. ನಮ್ಮದು ಹೊತ್ತು ಮುಳುಗಿದ ಮೇಲೆ ತುತ್ತು ಅನ್ನವಿರಲಿ, ಹನಿ ನೀರೂ ಬಾಯಿಗೆ ಬೀಳದ ಜೈನರ ಮನೆ. ನಮ್ಮ ಅತ್ತೆ ಆಸ್ಪತ್ರೆಯಲ್ಲೂ ನನ್ನ ಮಂಚದ ಹತ್ತಿರ ಕೂತು ಆ ನೇಮ ತಪ್ಪಗೊಡಲಿಲ್ಲ. "ನಿನ್ನ ಉಳಿಸಿದ್ದು ನೇಮ ಬೇ, ಡಾಕ್ಟರ ಬರೇ ಹೊಲಿಗಿ ಹಾಕ್ಯಾನ" ಎಂಬುದು ಅವರ ತೀರ್ಪು. ಗುಳಿಗೆಗೂ ಅದೇ ಕಾನೂನು. "ಹೊತ್ತ ಮುಳಗೇತೋ ಇಲ್ಲೋ ಗುಳಿಗಿಗೇನ ಗೊತ್ತಾಗತೈತಿ? ಊಟದ ಕೂಡ ನುಂಗಿಬಿಡು" ಎಂದರು.

ಹೀಗಾಗಿ ದಿನಾ ಐದೂ ಮುಕ್ಕಾಲಕ್ಕೆ ನನ್ನ ರಾತ್ರಿ ಶುರುವಾಗುತ್ತಿತ್ತು. ಏಳಕ್ಕೆ ನಾನು ಪಡಸಾಲೆಯ ಗೋಡೆಗೆ ಆತು ಬಾಯಿ ತೆರೆದು ಮಲಗಿರುತ್ತಿದ್ದೆ. ಮಾತಾಡಿಸಲು ಬಂದವರು ಅದನ್ನು ಕಣ್ಣಾರೆ ಕಂಡು, "ಅಕ್ಕೋರ್ದು ಸುಳ್ಳ ಸೋಂಗು, ನಿದ್ದಿ ಭಾಳ ಛಂದ ಮಾಡ್ತಾರ" ಎಂದು ಊರೆಲ್ಲ ಸಾರಿದರು. ಊರು ಮಲಗುವ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು. ಆಮೇಲೆ ಬೆಳತನಕ ಒಂದೇ ಉದ್ಯೋಗ. ಬಲಗೈ ಎಡಬಗಲಿಗೆ ಹೋಗುತ್ತಿತ್ತು. ಗಂಟು ಇದೆಯೇ? ಇಲ್ಲ. ಈಗ? ಇಲ್ಲ. ಒತ್ತಿ ಒತ್ತಿ ಹುಡುಕಿದರೆ ಯಾವ ಮೈಯಾದರೂ ನೋಯುತ್ತದೆ, ನೋವಾಯಿತೆಂದು ಮತ್ತೆ ಹೆದರಿಕೆ. ನಿಜ ಹೇಳುತ್ತೇನೆ, ನಾನು ಬಹಳ ಹೆದರಿದ್ದೆ. ಅದನ್ನು ಹೇಳಿಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ, ಏಕೆಂದರೆ ನಾನು ಆರಾಮಾದೆನೆಂದು ಎಲ್ಲರಿಗೂ ಪೇಢೆ ಹಂಚಿಯಾಗಿತ್ತು.

ಮುಂದಿನ ತಪಾಸಣೆಗೆ ಅತ್ತೆಯೂ ಜೊತೆಗೆ ಬಂದರು. "ಗುಳಿಗೆ ಮಲಗುವಾಗ ತಗೋತಾರಲ್ಲ?" ಎಂದು ಡಾಕ್ಟರು ಕೇಳಿದರು. "ಹೌದ್ರಿ, ತಪ್ಪದ ತಗೋತಾಳ, ಹೊತ್ತ ಮುಳುಗೂದ್ರೊಳಗ" ಎಂದರು ಅತ್ತೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಆಜೀ, ರಾತ್ರಿ ಹತ್ತಕ್ಕ ಕೊಡ್ರಿ. ನಿದ್ದಿ ಇಲ್ಲಂದ್ರ ಮೈಯಾಗ ತಾಕತ್ತ ಎಲ್ಲಿಂದ ಬರಬೇಕು?" ಎಂದು ಕೈಮುಗಿದೇ ಹೇಳಿದರು.

ಅಂದು ರಾತ್ರಿ ಹತ್ತಕ್ಕೆ ಅತ್ತೆ ನನ್ನ ಹಾಸಿಗೆಯ ಬಳಿ ಬಂದು ನಿಂತರು. ಒಂದು ಕೈಯಲ್ಲಿ ಕಾಸಿ ಸೋಸಿದ ನೀರಿನ ತಂಬಿಗೆ, ಇನ್ನೊಂದರಲ್ಲಿ ಗುಳಿಗೆ. ಹೊತ್ತು ಮುಳುಗಿದ ಮೇಲೆ ಅವರು ಯಾರಿಗೂ ನೀರು ಕೊಟ್ಟವರಲ್ಲ. "ತಗೋ ಬೇ. ಪಾಪ ಬಂದ್ರ ನನಗ ಬರ್ಲಿ" ಎಂದರು. ತಂಬಿಗೆ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಇಷ್ಟು ದಿನ 'ಅದು' ಮರಳಿ ಬಾರದಿದ್ದುದು ಈ ನೇಮದಿಂದಲೇ ಆಗಿದ್ದರೆ? ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ 'ಮೂಢನಂಬಿಕೆ' ಎಂದು ದಪ್ಪಗೆ ಬರೆದು, ಮಕ್ಕಳಿಂದ ಪ್ರಬಂಧ ಬರೆಸಿ, ಅಂಕ ಹಾಕಿದವಳು ನಾನು.

"ಬ್ಯಾಡ್ರಿ ಅತ್ತೀರಿ. ನಾಳೆ ಹೊತ್ತ ಇದ್ದಾಗ ತಗೋತೀನಿ" ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಡಾಕ್ಟರ ಮಾತೂ ಕೇಳೂದಿಲ್ಲಂದ್ರ ಏನ ಮಾಡ್ಲಿ ನಿನಗ? ಸಾಲಿ ಕಲಿತಾಕಿ ಅಂತೀಯ, ಎಷ್ಟ ಹಳೀ ಕಾಲದಾಕಿ ಅದಿ ಬೇ ನೀ!" ಎಂದು ತಂಬಿಗೆ ಇಸಿದುಕೊಂಡು ಹೋಗಿ, ಮಲಗಿ, ಆ ಕ್ಷಣವೇ ಗೊರಕೆ ಹೊಡೆಯತೊಡಗಿದರು.